ಡಬ್ಬದ ಪುಡಿ ಬೇಡ, ಹಾಟ್ ಚಾಕಲೇಟ್ ಮನೆಯಲ್ಲೇ ಕಾಯಿಸಿ

ಮಳೆ ಹಿಡಿದರೆ ಸಾಕು, ಸಂಜೆ ಹೊತ್ತಿಗೆ ಮಕ್ಕಳಿಗೆ ಹಾಟ್ ಚಾಕಲೇಟ್ ಬೇಕು. ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅಂಗಡಿಯಿಂದ ತಂದ ಡಬ್ಬವನ್ನು ಒಮ್ಮೆ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. ಯಾವ ಪದಾರ್ಥ ಜಾಸ್ತಿ ಇದೆಯೋ ಅದರ ಹೆಸರನ್ನೇ ಮೊದಲು ಬರೆಯಬೇಕು ಅಂತ ನಿಯಮವಿದೆ. ಡ್ರಿಂಕಿಂಗ್ ಚಾಕಲೇಟ್ ಎಂದು ಮಾರುವ ಹೆಚ್ಚಿನ ಪುಡಿಗಳಲ್ಲಿ ಮೊದಲು ಬರುವುದು ಸಕ್ಕರೆ. ಕೋಕೋ ಆಮೇಲೆ. ಚಾಕಲೇಟಿನ ರೇಟು ಕೊಟ್ಟು ಸಕ್ಕರೆ ತಂದ ಹಾಗಾಯಿತು, ಅಲ್ವಾ?

ಅದಕ್ಕೇ ನಾನು ಹೇಳುವುದು, ಕೋಕೋ ಬೇರೆ ತನ್ನಿ, ಸಿಹಿ ಬೇರೆ ಹಾಕಿ. ಆಗ ಸಿಹಿ ಎಷ್ಟಿರಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ.

ಪುಡಿ ತರುವಾಗ ಸಕ್ಕರೆ ಬೆರೆಸದ ಕೋಕೋ ಪೌಡರ್ ಅಂತಲೇ ಕೇಳಿ ತನ್ನಿ. ಅದರಲ್ಲೂ ಎರಡು ಬಗೆ ಇದೆ. ಒಂದು ಸಹಜ ಕೋಕೋ. ಬಣ್ಣ ತಿಳಿ ಕಂದು, ರುಚಿಯಲ್ಲಿ ಸ್ವಲ್ಪ ಹುಳಿ, ಒಗರು. ಇನ್ನೊಂದು ಕ್ಷಾರ ಹಾಕಿ ಹದ ಮಾಡಿದ್ದು. ಅದು ಕಡು ಕಂದು, ಬಾಯಿಗೆ ಮೃದು. ನೋಡಲು ಎರಡನೆಯದೇ ಚೆಂದ. ಆದರೆ ಕ್ಷಾರ ಹಾಕಿದಾಗ ಕೋಕೋದಲ್ಲಿರುವ ಫ್ಲೇವನಾಲ್ ಎಂಬ ಒಳ್ಳೆಯ ಅಂಶ ಬಹಳಷ್ಟು ಹಾಳಾಗುತ್ತದೆ. ಪೊಟ್ಟಣದ ಮೇಲೆ ಅಸಿಡಿಟಿ ರೆಗ್ಯುಲೇಟರ್ ಎಂದು ಬರೆದು ಪಕ್ಕದಲ್ಲಿ 500, 501 ಅಂಥ ಸಂಖ್ಯೆ ಇದ್ದರೆ ಅದು ಕ್ಷಾರ ಹಾಕಿದ ಪುಡಿ ಅಂತ ತಿಳಿಯಿರಿ. ಅದನ್ನು ಕುಡಿದರೆ ಏನೂ ಆಗುವುದಿಲ್ಲ. ಒಳ್ಳೆಯದಾಗಲಿ ಎಂದೇ ಇಷ್ಟು ಕಷ್ಟಪಡುವುದಾದರೆ ಸಹಜದ್ದನ್ನೇ ತರಬಹುದಲ್ಲ, ಅಷ್ಟೇ.

ಇನ್ನು ನಮ್ಮ ಪುತ್ತೂರು, ಸುಳ್ಯದ ಕಡೆ ಕೊಕ್ಕೋ ಅಂದರೆ ಅಂಗಡಿ ಸಾಮಾನಲ್ಲ, ತೋಟದ ಬೆಳೆ. ಅಡಿಕೆ ಮರಗಳ ನೆರಳಲ್ಲಿ ಬೆಳೆಯುತ್ತದೆ. ಹಣ್ಣಾದರೆ ಅಳಿಲು, ಮಂಗಗಳ ಜೊತೆ ಜಗಳ ಆಡಿಯೇ ಕೊಯ್ಯಬೇಕು. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ಅಡಿಕೆ ಮತ್ತು ಕೊಕ್ಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಶುರು ಮಾಡಿತು. ಎಷ್ಟೋ ಮನೆಗಳಲ್ಲಿ ಬೀಜ ಮಾರುವುದು ಗೊತ್ತು, ಕುಡಿಯುವುದು ಗೊತ್ತಿಲ್ಲ. ಹುದುಗಿಸಿ ಚೆನ್ನಾಗಿ ಒಣಗಿಸಿದ ಬೀಜ ಒಂದು ಹಿಡಿ ಸಿಕ್ಕಿದರೆ ಮನೆಯಲ್ಲೇ ಮಾಡಿ ನೋಡಿ. ಹುದುಗಿಸುವುದನ್ನು ಮಾತ್ರ ಒಂದೆರಡು ಹಣ್ಣಿನಿಂದ ಮಾಡಲು ಹೋಗಬೇಡಿ. ರಾಶಿ ದೊಡ್ಡದಿಲ್ಲದಿದ್ದರೆ ಒಳಗೆ ಕಾವು ಏರುವುದಿಲ್ಲ. ಕಾವು ಏರದಿದ್ದರೆ ಚಾಕಲೇಟಿನ ಪರಿಮಳ ಹುಟ್ಟುವುದಿಲ್ಲ, ಬರೀ ಕಹಿ ಉಳಿಯುತ್ತದೆ. ತೋಟದವರಲ್ಲೇ ಒಣ ಬೀಜ ಕೇಳಿ ತನ್ನಿ.

ಆ ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಹದಿನೈದು ಇಪ್ಪತ್ತು ನಿಮಿಷ ಬೇಕು, ಕೈಯಾಡಿಸುತ್ತಲೇ ಇರಬೇಕು. ಸಿಪ್ಪೆ ಚಟಪಟ ಎಂದು ಬಿರಿಯುತ್ತದೆ, ಮನೆಯೆಲ್ಲ ಘಮ ಎನ್ನುತ್ತದೆ. ಆರಿದ ಮೇಲೆ ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಮಿಕ್ಸಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆಯಾಗುತ್ತದೆ. ಹಾಳಾಯಿತು ಅಂತ ಗಾಬರಿ ಬೇಡ. ಬೀಜದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬೇ ಇರುತ್ತದೆ, ಅದು ಬಿಸಿಗೆ ಕರಗಿ ಬಂದದ್ದು. ಆ ಮುದ್ದೆಯನ್ನು ತಟ್ಟೆಗೆ ಸವರಿ ಗಟ್ಟಿಯಾಗಲು ಬಿಡಿ. ಬೇಕಾದಾಗ ತುರಿದುಕೊಳ್ಳಿ. ಲೋಟದ ತಳದಲ್ಲಿ ಸ್ವಲ್ಪ ತರಿ ಉಳಿಯುತ್ತದೆ, ನನಗೆ ಅದು ಇಷ್ಟ. ಮಕ್ಕಳು ಮುಖ ಸಿಂಡರಿಸಿದರೆ ಸೋಸಿ ಕೊಡಿ.

ಈಗ ಕಾಯಿಸುವ ಕ್ರಮ. ಒಂದು ಲೋಟ ಹಾಲಿಗೆ, ಅಂದರೆ ಸುಮಾರು 200 ಮಿಲಿಲೀಟರಿಗೆ, ಎರಡು ಟೀ ಚಮಚ ಕೋಕೋ ಪುಡಿ ಸಾಕು. ಪುಡಿಯನ್ನು ನೇರ ಹಾಲಿಗೆ ಸುರಿಯಬೇಡಿ. ಕೋಕೋ ನೀರನ್ನು ಬೇಗ ಹೀರುವುದಿಲ್ಲ, ಮೇಲೆ ತೇಲಿ ಗಂಟು ಕಟ್ಟುತ್ತದೆ. ಪಾತ್ರೆಗೆ ಪುಡಿ, ಒಂದು ಚಿಟಿಕೆ ಉಪ್ಪು ಹಾಕಿ. ಎರಡು ಮೂರು ಚಮಚ ಬಿಸಿನೀರು ಬಿಟ್ಟು ಹೊಳಪು ಬರುವವರೆಗೆ ಕಲಸಿ. ಸಣ್ಣ ಉರಿಯಲ್ಲಿ ಗುಳ್ಳೆ ಬರುವಷ್ಟು ಕುದಿಸಿ. ಆಮೇಲೆ ಹಾಲನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ತಿರುವಿ, ಎರಡು ಮೂರು ನಿಮಿಷ ಕಾಯಿಸಿ. ಕೋಕೋದ ಹಸಿ ವಾಸನೆ ಹೋಗುವುದೇ ಈ ಹೊತ್ತಿನಲ್ಲಿ. ಉಪ್ಪನ್ನು ಮರೆಯಬೇಡಿ. ಕಹಿಯನ್ನು ಅದು ತಗ್ಗಿಸುತ್ತದೆ, ಹಾಗಾಗಿ ಸಿಹಿಯೂ ಕಮ್ಮಿ ಸಾಕಾಗುತ್ತದೆ.

ನೊರೆ ಬೇಕೆಂದರೆ ಮಜ್ಜಿಗೆಯ ಕಡೆಗೋಲು ತೊಳೆದು ತನ್ನಿ. ಚಾಕಲೇಟ್ ಕುಡಿಯುವುದರಲ್ಲಿ ಹಳಬರಾದ ಮೆಕ್ಸಿಕೋದವರೂ ಮರದ ಕಡೆಗೋಲನ್ನೇ ಎರಡು ಅಂಗೈ ನಡುವೆ ತಿರುಗಿಸಿ ನೊರೆ ಎಬ್ಬಿಸುತ್ತಾರೆ. ಬ್ಯಾಟರಿ ಹಾಕಿದ ಯಂತ್ರಕ್ಕೆ ಸುಮ್ನೆ ದುಡ್ಡು ದಂಡ.

ಸಿಹಿಗೆ ನಮ್ಮ ಮನೆಯಲ್ಲಿ ಬೆಲ್ಲ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಹಾಲು ಒಡೆಯಬಹುದು. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಬೆಲ್ಲವನ್ನು ನೀರಲ್ಲಿ ಕರಗಿಸಿ ಸೋಸಿ ಹಾಕಿ. ಮಲೆನಾಡಿನ ಜೋನಿಬೆಲ್ಲ ಸಿಕ್ಕಿದರೆ ಅದು ಕೋಕೋಗೆ ಬಹಳ ಒಪ್ಪುತ್ತದೆ. ಆದರೆ ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ಬೆಲ್ಲವೂ ಸಕ್ಕರೆಯೇ. ಬಣ್ಣ ಬೇರೆ, ರುಚಿ ಬೇರೆ, ಒಂದಿಷ್ಟು ಖನಿಜ ಜಾಸ್ತಿ, ಅಷ್ಟೇ. ಬೆಲ್ಲ ಹಾಕಿದ್ದೇನೆ, ಶುಗರ್ ಇದ್ದವರೂ ಕುಡಿಯಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜೇನಿಗೂ ಇದೇ ಮಾತು. ದೊಡ್ಡವರಿಗೂ ದಿನಕ್ಕೆ ಬೆರೆಸಿದ ಸಿಹಿ 25 ಗ್ರಾಮಿನೊಳಗೆ, ಅಂದರೆ ಸುಮಾರು ಆರು ಟೀ ಚಮಚದೊಳಗೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಮೊದಲು ಲೋಟಕ್ಕೆ ಎರಡು ಚಮಚ ಹಾಕಿ. ಕೆಲವು ದಿನ ಬಿಟ್ಟು ಒಂದೂವರೆ, ಆಮೇಲೆ ಒಂದು. ಯಾರಿಗೂ ಹೇಳದೆ ಕಮ್ಮಿ ಮಾಡಿ, ಹೇಳಿದರೆ ಗಲಾಟೆ.

ಬೆಲ್ಲವೂ ಬೇಡ ಎನ್ನುವವರು ಮೆತ್ತಗಿನ ಖರ್ಜೂರ ಎರಡು ಮೂರು ಬಿಸಿನೀರಲ್ಲಿ ನೆನೆಸಿ, ನುಣ್ಣಗೆ ರುಬ್ಬಿ ಹಾಕಬಹುದು. ಸಿಹಿ ಇದರಲ್ಲೂ ಇದೆ, ಆದರೆ ಜೊತೆಗೆ ನಾರೂ ಬರುತ್ತದೆ. ಹಾಲು ಗಟ್ಟಿಯೂ ಆಗುತ್ತದೆ.

ಗಟ್ಟಿ ಬರಲಿ ಅಂತ ಕಾರ್ನ್‌ಫ್ಲೋರ್ ಹಾಕುವವರಿದ್ದಾರೆ. ರಾಗಿ ಹುರಿಹಿಟ್ಟು ಇರುವಾಗ ಅದ್ಯಾಕೆ? ಒಂದು ಚಮಚ ಹುರಿಹಿಟ್ಟನ್ನು ತಣ್ಣೀರಲ್ಲಿ ಕಲಸಿ, ಹಾಲು ಕಾಯುವಾಗಲೇ ಬಿಡಿ. ಹುರಿದ ರಾಗಿಯ ಪರಿಮಳಕ್ಕೂ ಕೋಕೋಗೂ ಚೆನ್ನಾಗಿ ಹೊಂದುತ್ತದೆ. ಕ್ಯಾಲ್ಸಿಯಂ ಸಿಗುತ್ತದೆ ಅಂತ ಇದಕ್ಕೆ ಜಾಸ್ತಿ ಪ್ರಚಾರ ಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನಿಜ. ಆದರೆ ಒಂದು ಚಮಚದಲ್ಲಿ ಎಷ್ಟು ಬಂದೀತು? ಲೋಟದಲ್ಲಿರುವ ಹಾಲಿನದೇ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಹಾಲು ಆಗದವರು ಕಾಯಿಹಾಲಿನಲ್ಲಿ ಮಾಡಿ. ಎರಡನೇ ಸಲ ಹಿಂಡಿದ ತೆಳು ಹಾಲಿನಲ್ಲಿ ಕೋಕೋ ಕುದಿಸಿ, ಒಲೆ ಆರಿಸಿದ ಮೇಲೆ ಮೊದಲ ದಪ್ಪ ಹಾಲು ಸೇರಿಸಿ. ದಪ್ಪ ಹಾಲನ್ನು ಕುದಿಸಿದರೆ ಒಡೆದು ಎಣ್ಣೆ ಬಿಡುತ್ತದೆ.

ಮಸಾಲೆ ಒಂದು ಲೋಟಕ್ಕೆ ಒಂದೇ ಸಾಕು. ದಾಲ್ಚಿನ್ನಿ ಚೂರು ಹಾಲಿನ ಜೊತೆ ಕುದಿಯಲಿ. ಥಂಡಿ ಇದ್ದರೆ ಕಾಳುಮೆಣಸು ಅಥವಾ ಒಣಶುಂಠಿ. ಏಲಕ್ಕಿ ಹಾಕಿದರೆ ಕೋಕೋ ಸೋತು ಪಾಯಸ ಗೆಲ್ಲುತ್ತದೆ, ನಾನು ಹಾಕುವುದಿಲ್ಲ.

ಯಾರಿಗೆ, ಯಾವಾಗ ಕೊಡಬೇಕು ಅನ್ನುವುದನ್ನೂ ನೋಡಿಕೊಳ್ಳಿ. ಕೋಕೋದಲ್ಲಿ ಸ್ವಲ್ಪ ಕೆಫೀನ್ ಇದೆ. ಕಾಫಿಯಷ್ಟಿಲ್ಲ, ಆದರೂ ಮಕ್ಕಳಿಗೆ ಮಲಗುವ ಹೊತ್ತಿಗೆ ಬೇಡ. ಕಬ್ಬಿಣಾಂಶದ ಮಾತ್ರೆ ನುಂಗುವವರು ಮಾತ್ರೆಯ ಜೊತೆ ಇದನ್ನು ಕುಡಿಯಬೇಡಿ. ಚಹಾ, ಕಾಫಿಯಂತೆ ಇದೂ ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತದೆ. ಕಿಡ್ನಿಯಲ್ಲಿ ಕಲ್ಲಾದವರು ಡಾಕ್ಟರನ್ನು ಕೇಳಿ, ಕೋಕೋದಲ್ಲಿ ಆಕ್ಸಲೇಟ್ ಜಾಸ್ತಿ. ಒಂದು ವರ್ಷ ತುಂಬದ ಮಗುವಿಗೆ ಜೇನು ನಾಲಿಗೆಗೂ ಹಚ್ಚಬಾರದು. ನಾಯಿ ಸಾಕಿದವರು ಉಳಿದದ್ದನ್ನು ಅದರ ತಟ್ಟೆಗೆ ಸುರಿಯಬೇಡಿ, ಕೋಕೋ ನಾಯಿಗೆ ವಿಷ.

ಪುಡಿಯನ್ನು ಗಾಳಿಯಾಡದ ಬಾಟಲಿಯಲ್ಲಿ, ಒಲೆಯಿಂದ ದೂರ ಇಡಿ. ಬೆಲ್ಲದ ಪುಡಿ ಬೆರೆಸಿಟ್ಟರೆ ಸುಲಭ ಅಂತ ಅನಿಸಬಹುದು, ಬೇಸಿಗೆಯಲ್ಲಿ ಹಾಗೆ ಮಾಡಬಹುದು. ಮಳೆಗಾಲದಲ್ಲಿ ಬೆಲ್ಲ ನೀರೊಡೆದು ಇಡೀ ಬಾಟಲಿ ಕಲ್ಲಾಗುತ್ತದೆ.