ಫಿಲಂಗೆ ನೆರಳು, ಡಿಜಿಟಲ್‌ಗೆ ಬೆಳಕು

ನನ್ನ ಬ್ಯಾಗಿನಲ್ಲಿ ಎರಡು ಕ್ಯಾಮೆರಾ ಇರುತ್ತವೆ. ಒಂದು ಫಿಲಂ ಹಾಕುವ ನಿಕಾನ್ ಎಫ್‌ಎಂ2, ಇನ್ನೊಂದು ನಿಕಾನ್ ಡಿಜಿಟಲ್ ಎಸ್‌ಎಲ್‌ಆರ್. ನಿಕಾನ್ ತನ್ನ ಎಫ್ ಮೌಂಟನ್ನು (ಲೆನ್ಸ್ ಕೂರುವ ಬಳೆ) 1959ರಿಂದಲೂ ಉಳಿಸಿಕೊಂಡು ಬಂದಿದ್ದರಿಂದ ನನ್ನ ಹಳೆಯ 50 ಎಂಎಂ ಲೆನ್ಸ್ ಎರಡಕ್ಕೂ ಕೂರುತ್ತದೆ. ಎರಡರಲ್ಲಿ ಯಾವುದು ಮೇಲು ಅನ್ನುವ ವಾದ ನನಗೆ ಬೇಡ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡಾಗ ಅದೇ ಜಾಗವನ್ನು ಬೇರೆ ಥರ ನೋಡಬೇಕಾಗುತ್ತದಲ್ವಾ, ನನಗೆ ಇಷ್ಟವಾಗುವುದು ಅದು.

ಕಿಟಕಿ ಪಕ್ಕ ಕೂತು ಯಾರೋ ಓದುತ್ತಿದ್ದಾರೆ ಅಂದುಕೊಳ್ಳಿ. ಒಂದು ಕೆನ್ನೆಗೆ ಬೆಳಕು, ಇನ್ನೊಂದು ಕೆನ್ನೆ ನೆರಳಲ್ಲಿ. ಕೈಯಲ್ಲಿ ಡಿಜಿಟಲ್ ಇದ್ದರೆ ನಾನು ಮೊದಲು ನೋಡುವುದು ಬೆಳಕು ಬಿದ್ದ ಕೆನ್ನೆಯನ್ನು. ಅಲ್ಲಿ ಸೆನ್ಸರ್‌ಗೆ ಬೆಳಕು ಮೀರಿದರೆ ಬರೀ ಬಿಳಿ ಉಳಿಯುತ್ತದೆ, ಆಮೇಲೆ ಕಂಪ್ಯೂಟರ್‌ನಲ್ಲಿ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಹಾಗಾಗಿ ಹಿಸ್ಟೋಗ್ರಾಂ (ಚಿತ್ರದಲ್ಲಿ ಬೆಳಕು ಎಲ್ಲೆಲ್ಲಿ ಎಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡಿಕೊಂಡು ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕು, ಸ್ವಲ್ಪ ಇಳಿಸುತ್ತೇನೆ. ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸಿಕೊಳ್ಳುವ ರಾ ಫೈಲ್ ಇದ್ದರೆ ನೆರಳನ್ನು ಆಮೇಲೆ ಎತ್ತಬಹುದು.

ನೆಗೆಟಿವ್ ಫಿಲಂನಲ್ಲಿ ಇದು ತಿರುಗುಮುರುಗು. ಬೆಳಕು ಜಾಸ್ತಿಯಾದರೆ ಅದು ಸಾಕಷ್ಟು ತಡೆದುಕೊಳ್ಳುತ್ತದೆ. ನೆರಳಿಗೆ ಬೆಳಕು ಸಾಲದಿದ್ದರೆ ಮಾತ್ರ ಅಷ್ಟು ಭಾಗ ಖಾಲಿ ಪ್ಲಾಸ್ಟಿಕ್, ಅಷ್ಟೇ. ಅದಕ್ಕೇ ಎಫ್‌ಎಂ2 ಹಿಡಿದು ನೆರಳಿನ ಹತ್ತಿರಕ್ಕೇ ಹೋಗಿ, ವ್ಯೂಫೈಂಡರ್ ತುಂಬಾ ಅದೇ ಕಾಣುವ ಹಾಗೆ ಮಾಡಿ ಮೀಟರ್ ಓದುತ್ತೇನೆ. ಲೆನ್ಸ್ ದ್ವಾರ ಎಫ್/2.8 ಇದ್ದಾಗ ಶಟರ್ ವೇಗ 1/30 ಸೆಕೆಂಡ್ ಅಂತ ತೋರಿಸಿದರೆ 1/125 ಇಡುತ್ತೇನೆ. ಮೀಟರ್ ಯಾವುದನ್ನು ನೋಡಿದರೂ ನಡುಬೂದು ಅಂದುಕೊಳ್ಳುತ್ತದೆ. ಎರಡು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ) ಕಡಿಮೆ ಮಾಡಿದರೆ ನೆರಳು ನೆರಳಾಗಿಯೇ ಇರುತ್ತದೆ, ಒಳಗಿನ ವಿವರವೂ ಉಳಿಯುತ್ತದೆ.

ರೋಲ್ ಹಾಕಿದ ಮೇಲೆ ಒಂದು ಕೆಲಸ ಯಾವತ್ತೂ ಬಿಡುವುದಿಲ್ಲ. ರಿವೈಂಡ್ ನಾಬನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯುತ್ತೇನೆ. ಆಮೇಲೆ ಫಿಲಂ ಮುಂದೂಡುವ ಲಿವರ್ ಎಳೆದಾಗ ಆ ನಾಬ್ ತಾನೇ ತಿರುಗಬೇಕು. ತಿರುಗಿತು ಅಂದರೆ ಫಿಲಂ ಓಡುತ್ತಿದೆ.

ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ನನ್ನ ಮೆಚ್ಚಿನ ಕಪ್ಪು-ಬಿಳುಪು ಫಿಲಂ. ಮನೆಯಲ್ಲೇ ತೊಳೆಯುತ್ತೇನೆ. ಚಿತ್ರ ಮೂಡಿಸುವ ಡಿ-76 ಡೆವಲಪರ್‌ಗೆ ಅಷ್ಟೇ ನೀರು ಬೆರೆಸಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 11 ನಿಮಿಷ. ಬಾಟಲಿಗಳನ್ನು ಮೊದಲೇ ನೀರಿನ ಟಬ್‌ನಲ್ಲಿಟ್ಟರೆ ಉಷ್ಣತೆ ಏರುಪೇರಾಗುವುದಿಲ್ಲ.

ಆ ನೆಗೆಟಿವ್ ಒಣಗಿದ ಮೇಲೆ ಡಿಜಿಟಲ್ ಕ್ಯಾಮೆರಾ ಮತ್ತೆ ಹೊರಗೆ ಬರುತ್ತದೆ. ಮ್ಯಾಕ್ರೊ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಕೆಳಮುಖವಾಗಿ ಸ್ಟ್ಯಾಂಡಿಗೆ ಸಿಕ್ಕಿಸಿ, ಎಲ್‌ಇಡಿ ಪ್ಯಾನೆಲ್ ಮೇಲೆ ನೆಗೆಟಿವ್ ಇಟ್ಟು, ಅದನ್ನು ಕಂಪ್ಯೂಟರ್‌ಗೆ ತರಲು ಫೋಟೊ ತೆಗೆಯುತ್ತೇನೆ. ಇಲ್ಲಿ ಕ್ಯಾಮೆರಾ ಒಂಚೂರು ವಾಲಿದರೂ ಚಿತ್ರದ ಒಂದು ಮೂಲೆ ಮಸುಕಾಗುತ್ತದೆ. ಅದಕ್ಕೆ ನನಗೆ ತುಂಬ ಹಿಡಿಸಿದ ಉಪಾಯ ಒಂದಿದೆ. ನೆಗೆಟಿವ್ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಡಿ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಲೆನ್ಸ್‌ನ ಪ್ರತಿಬಿಂಬ ಸರಿಯಾಗಿ ನಡುವೆ ಬರುವ ತನಕ ಕ್ಯಾಮೆರಾ ಹೊಂದಿಸಿ. ಆಮೇಲೆ ಕನ್ನಡಿ ತೆಗೆಯಿರಿ. ಕೋಣೆಯ ದೀಪ ಆರಿಸಿ. ಎಫ್/8, ಐಎಸ್‌ಒ 100, ಕೈ ತಾಗಿ ಅಲುಗದಿರಲು 2 ಸೆಕೆಂಡಿನ ಟೈಮರ್.

ಫೋಕಸ್ ಮಾಡುವಾಗ ಕಣ್ಣನ್ನೋ ರೆಪ್ಪೆಯನ್ನೋ ಹುಡುಕಬೇಡಿ, ಫಿಲಂನಲ್ಲಿ ಮೊದಲು ಫೋಟೊ ತೆಗೆಯುವಾಗಲೇ ಅವು ಮಸುಕಾಗಿರಬಹುದು. ಪೂರ್ತಿ ಜೂಮ್ ಮಾಡಿ ಗ್ರೇನ್, ಅಂದರೆ ಫಿಲಂನ ಕಾಳುಗಳನ್ನು, ನೋಡಿ. ರಿಂಗ್ ಕೂದಲೆಳೆಯಷ್ಟು ತಿರುಗಿಸುತ್ತಿದ್ದಂತೆ ಬೂದು ಮಂಜು ಇದ್ದ ಕಡೆ ಸಣ್ಣ ಕಾಳುಗಳು ಒಮ್ಮೆಲೇ ಎದ್ದು ಕಾಣುತ್ತವೆ. ಫಿಲಂ ಹಿಡಿದಿಟ್ಟದ್ದನ್ನು ಅಷ್ಟು ಹತ್ತಿರದಿಂದ ತೋರಿಸುವುದು ಡಿಜಿಟಲ್ ಕ್ಯಾಮೆರಾ! ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

ಬಣ್ಣದ ನೆಗೆಟಿವ್‌ಗೂ ಇದೇ ಸ್ಟ್ಯಾಂಡ್ ಆಗುತ್ತದೆ. ಆದರೆ ಅದರ ಕಿತ್ತಳೆ ಬಣ್ಣದ ಛಾಯೆ (ಮಾಸ್ಕ್) ಕಳೆದು ಚರ್ಮದ ಬಣ್ಣ ಸರಿ ಮಾಡಲು ಹೆಚ್ಚು ತಾಳ್ಮೆ ಬೇಕು. ಅದಕ್ಕೇ ಬಣ್ಣ ಬೇಕು ಅನ್ನಿಸಿದಾಗ ನಾನು ಡಿಜಿಟಲ್ಲನ್ನೇ ಎತ್ತಿಕೊಳ್ಳುತ್ತೇನೆ.