ಸಿಆರ್‌ಡಿಐ ಟ್ರ್ಯಾಕ್ಟರ್: ನಾಲ್ಕು ಬಾಟಲಿ ಕಟ್ಟಿ ಸೋರುವ ಇಂಜೆಕ್ಟರ್ ಹಿಡಿದದ್ದು

ಟ್ರ್ಯಾಕ್ಟರ್ ಹೊಗೆಯ ಹೊಸ ನಿಯಮ ಟ್ರೆಮ್ 4 ಬಂದ ಮೇಲೆ ಲ್ಯಾಪ್‌ಟಾಪ್ ಇಲ್ಲದೆ ಇಂಜಿನ್ ಮುಟ್ಟಬೇಡ ಅಂದವರೇ ಎಲ್ಲ. ಸೆಲ್ಫ್ ತಿರುಗಿದರೂ ಸ್ಟಾರ್ಟ್ ಆಗಲು ಸತಾಯಿಸುತ್ತ, ರೈಲ್ (ಸಿಆರ್‌ಡಿಐನಲ್ಲಿ ಎಲ್ಲ ಇಂಜೆಕ್ಟರಿಗೂ ಹೆಚ್ಚು ಒತ್ತಡದಲ್ಲಿ ಡೀಸೆಲ್ ಹಂಚುವ ಒಂದೇ ಕೊಳವೆ) ಪ್ರೆಶರ್ ಕಡಿಮೆ ಅಂತ ದೋಷದ ಕೋಡ್ ತೋರಿಸುತ್ತಿದ್ದ ಗಾಡಿ ಶೆಡ್ಡಿನಲ್ಲೇ ಸರಿಯಾಯಿತು. ಶೋರೂಮಿನ ಅಂದಾಜು ನಾಲ್ಕೂ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಸೇರಿ 90 ಸಾವಿರದ ಹತ್ತಿರ. ನನಗೆ ಬಿದ್ದದ್ದು ದಂಡವೂ ಸೇರಿ 14 ಸಾವಿರ.

ದಂಡ ಎಂದರೆ ಫಿಲ್ಟರಿಗೆ ಸಾವಿರದೈನೂರು, ರೈಲ್ ಸೆನ್ಸರಿಗೆ 4 ಸಾವಿರ. ಬಿಚ್ಚಿ ತೆಗೆದ ಹಳೆಯವೆರಡೂ ಚೆನ್ನಾಗೇ ಇದ್ದವು. ಒತ್ತಡ ಕಡಿಮೆ ಅಂತ ಕೋಡ್ ಹೇಳುತ್ತದೆ, ಎಲ್ಲಿ ಸೋರುತ್ತಿದೆ ಅಂತ ಹೇಳುವುದಿಲ್ಲ. ಟ್ಯಾಂಕಿಗೂ ಫಿಲ್ಟರಿಗೂ ನಡುವೆ ಪಾರದರ್ಶಕ ಪೈಪು ಹಾಕಿಯೂ ನೋಡಿದೆ, ಗಾಳಿಗುಳ್ಳೆ ಕಾಣಲಿಲ್ಲ.

ಹಳೇ ಪಂಪಿನ ಗಾಡಿಯಂತೆ ಯೂನಿಯನ್ ನಟ್ ಸಡಿಲಿಸಿ ಕೆಟ್ಟ ಸಿಲಿಂಡರ್ ಹುಡುಕಬೇಡಿ. ಇಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಇಳಿಯುತ್ತದೆ. ಬಿಚ್ಚಬೇಕಾದದ್ದು ಇಂಜೆಕ್ಟರ್ ತಲೆಯಿಂದ ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ರಿಟರ್ನ್ ಪೈಪು ಮಾತ್ರ. ಮೂಲ ರಿಟರ್ನ್ ಲೈನಿನ ಬಾಯಿ ಮುಚ್ಚಿ, ಒಂದೊಂದು ಇಂಜೆಕ್ಟರಿಗೂ ಒಂದೇ ಉದ್ದದ ಪೈಪು ಸಿಕ್ಕಿಸಿ ನಾಲ್ಕು ಬಾಟಲಿಗೆ ಇಳಿಬಿಟ್ಟೆ. ಇಂಜಿನ್ ಬಿಸಿ ಮಾಡಿ ಮೂರು ನಿಮಿಷ ಐಡಲ್. ಮೂರು ಬಾಟಲಿಯಲ್ಲಿ 15–20 ಮಿಲಿ, ಮೂರನೇ ಸಿಲಿಂಡರಿನದರಲ್ಲಿ 80ರ ಮೇಲೆ. ಸೋರುತ್ತಿದ್ದ ಇಂಜೆಕ್ಟರ್ ಅದೇ.

ಆ ಇಂಜೆಕ್ಟರನ್ನು ಒಂದನೇ ಸಿಲಿಂಡರಿಗೆ ಬದಲಿಸಿ ನೋಡಿದ್ದು ತಪ್ಪು. ಪ್ರತಿ ಇಂಜೆಕ್ಟರಿಗೂ ಅದರದೇ ಅಳತೆಯ ಕೋಡ್ ಇರುತ್ತದೆ (ದೋಷದ ಕೋಡ್ ಅಲ್ಲ), ಅದು ಇಸಿಯುನಲ್ಲಿ, ಅಂದರೆ ಇಂಜಿನ್ನಿನ ಕಂಪ್ಯೂಟರಿನಲ್ಲಿ, ಆಯಾ ಸಿಲಿಂಡರಿಗೇ ಬರೆದಿರುತ್ತದೆ. ಜಾಗ ಬದಲಿಸಿದರೆ ಹೊಗೆ, ನಡುಕ. ಕಚ್ಚಿಕೊಂಡ ಇಂಜೆಕ್ಟರನ್ನು ಹೆಡ್ಡಿಗೆ ಗೀರು ಬೀಳದಂತೆ ಎತ್ತುವ ಉಪಾಯವೊಂದಿದೆ, ಅದು ಸದ್ಯ ನನ್ನಲ್ಲೇ ಇರಲಿ. ತಾಮ್ರದ ವಾಶರ್ ಮಾತ್ರ ಹೊಸದೇ ಹಾಕಿ, ಹಳೆಯದು ಹೊಗೆ ಬಿಡುತ್ತದೆ.

ಡೀಸೆಲ್ ಲ್ಯಾಬಿನಲ್ಲಿ ಬಿಚ್ಚಿದಾಗ ಒಳಗಿನ ವಾಲ್ವ್ ಸೀಟು ಸವೆದಿತ್ತು. ಬ್ಯಾರಲ್ ಡೀಸೆಲ್ಲಿನ ನೀರಿನ ಕೆಲಸ ಅದು. ರಿಪೇರಿಗೆ ಆರೂವರೆ ಸಾವಿರ, ಜೊತೆಗೆ ಹೊಸ ಕೋಡಿನ ಚೀಟಿ. ಆ ಕೋಡನ್ನು ಇಸಿಯುಗೆ ಬರೆಯಲು ಮತ್ತೆ ಶೋರೂಮಿನವರೇ ಬೇಕು: ಐದು ದಿನ ಕಾಯ್ದು ಸಾವಿರದೈನೂರು ಕೊಟ್ಟೆ, ಕೆಲಸ ಹತ್ತು ನಿಮಿಷದ್ದು.

ಹೀಗೆ ಶೋರೂಮಿಗೆ ಕಾಯುವುದು ತಪ್ಪಲೆಂದೇ ರಿಪೇರಿ ಹಕ್ಕಿನ ಮಾತು ಬಂದದ್ದು. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನು ಮಾಡಿತು, 2024ರ ಜನವರಿಯಿಂದ ಜಾರಿ: ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರ್, ಉಪಕರಣ ಎಲ್ಲವನ್ನೂ ರೈತನಿಗೂ ಕೊಡಬೇಕು. ನಮ್ಮಲ್ಲಿ 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಸಮಿತಿ ಕೃಷಿ ಯಂತ್ರಗಳನ್ನೂ ರಿಪೇರಿ ಹಕ್ಕಿನ ಪಟ್ಟಿಗೆ ಸೇರಿಸಿತು, ಪೋರ್ಟಲ್ಲೂ ಬಂತು. ಕಾನೂನು ಬರೆಯುವವರು ಬಿಡಿಭಾಗ, ಕೈಪಿಡಿಗೆ ನಿಲ್ಲಿಸಬಾರದು. ಇಂಜೆಕ್ಟರ್ ಕೋಡ್ ಬರೆಯುವ ಸಾಫ್ಟ್‌ವೇರನ್ನೂ ಹೆಸರಿಸಲೇಬೇಕು.

ಕೋಡ್ ಬರೆದ ಮೇಲೆ ಮತ್ತೆ ಬಾಟಲಿ ಕಟ್ಟಿದೆ. ನಾಲ್ಕರಲ್ಲೂ ಹದಿನೈದರ ಆಸುಪಾಸು.