ಗಾಚಾ ಆಟದಲ್ಲಿ ಗಿಲ್ಡ್ ಸೇರುವ ಬಗೆ

ಗಾಚಾ ಎಂದರೆ ಲಾಟರಿಯ ಹಾಗೆ ಅದೃಷ್ಟದಿಂದ ಪಾತ್ರಗಳನ್ನು ಪಡೆಯುವ ಆಟ, ಗಿಲ್ಡ್ ಎಂದರೆ ಅದರೊಳಗೆ ಆಟಗಾರರು ಕಟ್ಟಿಕೊಳ್ಳುವ ಗುಂಪು. ಗಿಲ್ಡ್ ಹುಡುಕಲು ಹೊರಡುವ ಮೊದಲು ನೀವು ಆಡುತ್ತಿರುವ ಆಟದಲ್ಲಿ ಅಂಥದ್ದೊಂದು ವ್ಯವಸ್ಥೆ ಇದೆಯೇ ಎಂದು ನೋಡಿಕೊಳ್ಳಬೇಕು. ಗೆನ್‌ಶಿನ್ ಇಂಪ್ಯಾಕ್ಟ್, ಫೇಟ್ ಗ್ರ್ಯಾಂಡ್ ಆರ್ಡರ್‌ನಂಥ ಹೆಸರಾಂತ ಆಟಗಳಲ್ಲಿ ಗಿಲ್ಡ್ ಇಲ್ಲ. ಇರುವ ಆಟಗಳಲ್ಲಿಯೂ ಹೆಸರು ಬೇರೆ ಬೇರೆ: ಸಮ್ಮನರ್ಸ್ ವಾರ್, ಎಎಫ್‌ಕೆ ಅರೇನಾ ಮತ್ತು ಕುಕಿ ರನ್ ಕಿಂಗ್‌ಡಮ್‌ನಲ್ಲಿ ಗಿಲ್ಡ್ ಎಂದೇ ಇದ್ದರೆ, ಬ್ಲೂ ಆರ್ಕೈವ್‌ನಲ್ಲಿ ಕ್ಲಬ್, ನಿಕ್ಕೆಯಲ್ಲಿ ಯೂನಿಯನ್, ರೇಡ್ ಶ್ಯಾಡೋ ಲೆಜೆಂಡ್ಸ್‌ನಲ್ಲಿ ಕ್ಲಾನ್ ಎನ್ನುತ್ತಾರೆ. ಆಟ ಶುರುವಾದ ದಿನವೇ ಈ ಬಟನ್ ತೆರೆದುಕೊಳ್ಳದಿರಬಹುದು. ಕಥೆಯ ಕೆಲವು ಹಂತಗಳನ್ನು ದಾಟಿದ ಮೇಲೆ ಅದು ಬರುತ್ತದೆ.

ಹಣ ಹಾಕದೆ ಆಡುವವರಿಗೆ ಗಿಲ್ಡ್ ಎಷ್ಟು ಮುಖ್ಯ ಎಂಬುದನ್ನು ಹೊಸಬರು ತಡವಾಗಿ ಅರಿಯುತ್ತಾರೆ. ಬ್ಯಾನರ್‌ನಲ್ಲಿ (ಪಾತ್ರಗಳ ಲಾಟರಿಯ ಪುಟ) ಪುಲ್ ಮಾಡಿದಾಗ, ಅಂದರೆ ಚೀಟಿ ಎತ್ತಿದಾಗ, ಯಾವ ಪಾತ್ರ ಬರುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು, ಆದರೆ ಗಿಲ್ಡ್‌ನ ಕೆಲಸ ಮಾಡಿ ಗಳಿಸುವ ನಾಣ್ಯಗಳು ಮಾಡಿದಷ್ಟಕ್ಕೆ ಸಿಗುತ್ತವೆ, ಮತ್ತು ಆ ನಾಣ್ಯಗಳಿಂದ ಗಿಲ್ಡ್ ಅಂಗಡಿಯಲ್ಲಿ ಬೇಕಾದ ಸಾಮಗ್ರಿಯನ್ನು ನೋಡಿ ಕೊಳ್ಳಬಹುದು. ಬ್ಲೂ ಆರ್ಕೈವ್‌ನಲ್ಲಿ ದಿನಕ್ಕೊಮ್ಮೆ ಕ್ಲಬ್ ಪುಟ ತೆರೆದರೆ ಸಾಕು, 10 ಎಪಿ, ಅಂದರೆ ಹಂತಗಳನ್ನು ಆಡಲು ಖರ್ಚಾಗುವ ಶಕ್ತಿ, ಕೈಗೆ ಬರುತ್ತದೆ. ಇಷ್ಟನ್ನೂ ಬಿಟ್ಟು ಒಂಟಿಯಾಗಿ ಆಡುವುದರಲ್ಲಿ ಅರ್ಥವಿಲ್ಲ.

ಯಾವ ಗಿಲ್ಡ್ ಸೇರಬೇಕು ಎಂಬ ಪ್ರಶ್ನೆಗೆ ಬಹಳ ಜನ ರ‍್ಯಾಂಕ್ ಪಟ್ಟಿಯನ್ನು ನೋಡಿ ಉತ್ತರ ಹುಡುಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ನಿಮ್ಮ ದಿನಚರಿಯನ್ನು. ಗಿಲ್ಡ್ ಎಂಬುದು ನಮ್ಮ ಹೊಲಗಳ ಮುಯ್ಯಿಯ ಹಾಗೆ: ಇಂದು ನನ್ನ ತೊಗರಿ ರಾಶಿಗೆ ನೀವು ಬಂದರೆ ನಾಳೆ ನಿಮ್ಮ ರಾಶಿಗೆ ನಾನು ಬರಲೇಬೇಕು, ಬರಲಾಗದಿದ್ದರೆ ಮೊದಲೇ ಹೇಳಬೇಕು. ರೇಡ್‌ನಲ್ಲಿ, ಅಂದರೆ ಸದಸ್ಯರೆಲ್ಲ ಸೇರಿ ಬಾಸ್ ಎಂಬ ದೊಡ್ಡ ಶತ್ರುವನ್ನು ಹೊಡೆಯುವ ಹೋರಾಟದಲ್ಲಿ, ಪ್ರತಿಯೊಬ್ಬರಿಗೂ ದಿನಕ್ಕೆ ಇಂತಿಷ್ಟೇ ಸಲ ದಾಳಿಗೆ ಅವಕಾಶವಿರುತ್ತದೆ, ಮತ್ತು ನೀವು ಬಿಟ್ಟ ದಾಳಿಯ ನಷ್ಟ ಉಳಿದ ಸದಸ್ಯರಿಗೂ ತಟ್ಟುತ್ತದೆ.

ಇದನ್ನು ನಾನು ಅನುಭವದಿಂದ ಕಲಿತೆ. ಒಮ್ಮೆ ಮೇಲಿನ ಸಾಲಿನ ಗಿಲ್ಡ್ ಒಂದರಲ್ಲಿ ಜಾಗ ಸಿಕ್ಕಿತೆಂದು ಹಿಗ್ಗಿ ಸೇರಿದೆ. ಎರಡು ವಾರ ಕಳೆಯುವಷ್ಟರಲ್ಲಿ ಬಸವಕಲ್ಯಾಣದಲ್ಲಿ ಸೋದರಮಾವನ ಮಗಳ ಮದುವೆ ಬಂತು, ಮೂರು ದಿನ ಫೋನ್ ಮುಟ್ಟಲಾಗಲಿಲ್ಲ, ಯಾರಿಗೂ ತಿಳಿಸಿಯೂ ಇರಲಿಲ್ಲ. ಕಲಬುರಗಿಗೆ ಮರಳಿ ಆಟ ತೆರೆದಾಗ ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ. ಲೀಡರ್ ಮಾಡಿದ್ದು ಸರಿಯೇ ಇತ್ತು. ಮೊದಲೇ ಒಂದು ಸಾಲು ಬರೆಯಬೇಕಿತ್ತು, ಅದು ನನ್ನ ತಪ್ಪು.

ಸಮಯದ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕು, ಏಕೆಂದರೆ ಆಟದ ದಿನ ನಮ್ಮ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಎಎಫ್‌ಕೆ ಅರೇನಾದಲ್ಲಿ ದಿನ ಬದಲಾಗುವುದು ನಮ್ಮ ಗಡಿಯಾರದ ಬೆಳಗಿನ 5:30ಕ್ಕೆ. ಬ್ಲೂ ಆರ್ಕೈವ್‌ನ ಜಾಗತಿಕ ಆವೃತ್ತಿಯಲ್ಲಿ ರಾತ್ರಿ 12:30ಕ್ಕೆ, ನಿಕ್ಕೆಯಲ್ಲಿ 1:30ಕ್ಕೆ. ಹೀಗಾಗಿ ರಾತ್ರಿ ಊಟ ಮುಗಿಸಿ 10 ಗಂಟೆಗೆ ಆಡಲು ಕೂರುವವರಿಗೆ ಈ ಮೂರರಲ್ಲಿಯೂ ಅಂದಿನ ಗಿಲ್ಡ್ ಕೆಲಸ ಮುಗಿಸಲು ಸಮಯ ಉಳಿದಿರುತ್ತದೆ, ಆದರೆ ಎಲ್ಲರೂ ಒಂದೇ ಹೊತ್ತಿಗೆ ಸೇರಬೇಕೆನ್ನುವ ಕೊರಿಯಾ ಅಥವಾ ಅಮೆರಿಕದ ಗಿಲ್ಡ್‌ನಲ್ಲಿ ಆ ಹೊತ್ತು ಅವರಿಗೆ ಹೊಂದದಿರಬಹುದು. ಬೇಸಿಗೆಯಲ್ಲಿ ನಮ್ಮ ಭಾಗದ ದಿನಚರಿಯೇ ಬದಲಾಗುವುದನ್ನೂ ನೆನಪಿಡಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುವುದರಿಂದ ಆ ನೌಕರಿಯವರಿಗೆ ಮಧ್ಯಾಹ್ನ ಬಿಡುವು ಸಿಗುತ್ತದೆ. ಅದೇ ಕಾಲಕ್ಕೆ ಕರೆಂಟ್ ಹೋದರೆ ಚಾರ್ಜ್ ಇಲ್ಲದ ಫೋನ್ ಕೈಕೊಡುತ್ತದೆ. ಆದ್ದರಿಂದ ದಾಳಿಗಳನ್ನು ಕೊನೆಯ ಗಂಟೆಗೆ ಉಳಿಸಿಕೊಳ್ಳಬೇಡಿ.

ಭಾಷೆಯ ವಿಷಯದಲ್ಲಿ ಬೀದರ್, ಕಲಬುರಗಿ ಮತ್ತು ಯಾದಗಿರಿಯವರಿಗೆ ದೊಡ್ಡ ಅನುಕೂಲವಿದೆ. ಭಾರತೀಯ ಗಿಲ್ಡ್‌ಗಳ ಚಾಟ್ ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹಿಂದಿಯಲ್ಲಿ ನಡೆಯುತ್ತದೆ, ಮತ್ತು ದಖನಿ ಕೇಳುತ್ತಲೇ ಬೆಳೆದವರಿಗೆ ಅದು ಕಷ್ಟವಾಗದು. ತೆಲುಗು ಅಥವಾ ಮರಾಠಿ ಗಿಲ್ಡ್‌ನಲ್ಲಿಯೂ ನಮ್ಮಲ್ಲಿ ಅನೇಕರು ಸಲೀಸಾಗಿ ಹೊಂದಿಕೊಳ್ಳಬಲ್ಲರು. ನಾಲ್ಕೈದು ಗೆಳೆಯರು ಸೇರಿ ಊರಿನ ಹೆಸರಿನಲ್ಲಿ ಸ್ವಂತ ಗಿಲ್ಡ್ ಕಟ್ಟುವ ಆಸೆ ಸಹಜವಾದುದೇ, ಆದರೆ ನಿಕ್ಕೆಯ ಯೂನಿಯನ್‌ನಲ್ಲಿ 32 ಮಂದಿಗೆ ಜಾಗವಿರುವಾಗ ಐವರ ಬಲದಿಂದ ದೊಡ್ಡ ಬಾಸ್ ಬೀಳುವುದಿಲ್ಲ. ಐದು ಜಾಗ ಖಾಲಿಯಿರುವ ಮಧ್ಯಮ ದರ್ಜೆಯ ಗಿಲ್ಡ್‌ಗೆ ಒಟ್ಟಾಗಿ ಹೋಗುವುದು ಹೆಚ್ಚು ಲಾಭ.

ಅರ್ಜಿ ಹಾಕುವುದು ಸುಲಭ. ಹೆಸರು ಅಥವಾ ಐಡಿಯಿಂದ ಹುಡುಕಿ, ಪ್ರವೇಶ ಮುಕ್ತವೋ, ಲೀಡರ್ ಒಪ್ಪಿಗೆ ಬೇಕೋ, ಕನಿಷ್ಠ ಲೆವೆಲ್ ಎಷ್ಟು ಎಂಬುದನ್ನು ಓದಿ. ಸದಸ್ಯರ ಪಟ್ಟಿ ಕಾಣುವಂತಿದ್ದರೆ ಅವರು ಕೊನೆಯ ಬಾರಿ ಆಡಿದ್ದು ಯಾವಾಗ ಎಂದು ತಪ್ಪದೆ ನೋಡಿ. ಲೀಡರ್ ಇಪ್ಪತ್ತು ದಿನಗಳಿಂದ ಬಂದಿಲ್ಲವೆಂದರೆ ಆ ಗಿಲ್ಡ್ ಎಷ್ಟೇ ಮೇಲಿನ ರ‍್ಯಾಂಕ್‌ನಲ್ಲಿದ್ದರೂ ಬಿಟ್ಟುಬಿಡಿ. ಸಂದೇಶ ಬರೆಯಲು ಜಾಗವಿದ್ದರೆ ನಿಮ್ಮ ಲೆವೆಲ್, ಭಾರತೀಯ ಸಮಯದಲ್ಲಿ ನೀವು ಆಡುವ ಹೊತ್ತು, ಪ್ರತಿದಿನ ಬರುತ್ತೀರೋ ಇಲ್ಲವೋ ಎಂಬ ಮೂರು ಸಂಗತಿಗಳನ್ನಷ್ಟೇ ಬರೆಯಿರಿ, ಮತ್ತು ಮೂರೂ ನಿಜವಾಗಿರಲಿ.

ಒಳಗೆ ಬಂದ ಮೇಲೆ ಮೊದಲು ಗಿಲ್ಡ್‌ನ ನೋಟಿಸ್ ಓದಬೇಕು. ಯಾವ ಬಾಸ್‌ಗೆ ಯಾವ ದಿನ ಹೊಡೆಯಬೇಕೆಂದು ಅಲ್ಲಿ ಬರೆದಿರುವ ಗಿಲ್ಡ್‌ಗಳಿವೆ, ಅದನ್ನು ಓದದೆ ಅವಸರದಲ್ಲಿ ಹೊಡೆದರೆ ಉಳಿದವರ ಯೋಜನೆ ಕೆಡುತ್ತದೆ. ಎಎಫ್‌ಕೆ ಅರೇನಾದ ರಿಜ್ ಬಾಸ್‌ನ ಮೇಲೆ ದಿನಕ್ಕೆ ಎರಡು ಸಲ ಉಚಿತವಾಗಿ ದಾಳಿ ಮಾಡಬಹುದು, ಆ ಎರಡನ್ನೂ ಬಿಡಬೇಡಿ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ನಿಮ್ಮ ಪರವಾಗಿ ರೇಡ್ ಆಡಿಕೊಡುತ್ತೇನೆಂದು ಪಾಸ್‌ವರ್ಡ್ ಕೇಳುವವರಿಗೆ, ಅರ್ಧ ಬೆಲೆಗೆ ಟಾಪ್-ಅಪ್ ಕೊಡಿಸುತ್ತೇನೆಂದು ಯುಪಿಐ ಕ್ಯೂಆರ್ ಕೋಡ್ ಕಳಿಸುವವರಿಗೆ, ಒಟಿಪಿ ಕೇಳುವವರಿಗೆ, ಅವರು ಲೀಡರ್ ಆಗಿದ್ದರೂ ಸರಿ, ಏನನ್ನೂ ಕೊಡಬಾರದು. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೊಂದಿಕೆಯಾಗದಿದ್ದರೆ ಬಿಟ್ಟು ಬರಬಹುದು, ಅದರಲ್ಲಿ ಮುಜುಗರವೇನಿಲ್ಲ. ಆದರೆ ನಡೆಯುತ್ತಿರುವ ರೇಡ್ ಮುಗಿದು ಬಹುಮಾನ ಕೈಸೇರುವವರೆಗೆ ಕಾಯಿರಿ, ಲೀಡರ್‌ಗೆ ಒಂದು ಮಾತು ಹೇಳಿ, ಬಿಟ್ಟ ಮೇಲೆ ಮತ್ತೊಂದು ಗಿಲ್ಡ್ ಸೇರಲು ಆಟ ಎಷ್ಟು ಗಂಟೆ ತಡೆಯುತ್ತದೆ ಎಂಬುದನ್ನು ಓದಿಕೊಂಡು, ಆಮೇಲೆ ಬಟನ್ ಒತ್ತಿ.